ಡಾಲ್‌ಹೌಸ್‌ಗೆ ಹೊಲಿದ ಪುಟ್ಟ ಕರ್ಟನ್ ನೆಟ್ಟಗೆ ಇಳಿಬೀಳದೆ ಲಂಗದ ಥರ ಅರಳಿ ನಿಲ್ಲೋದು ಯಾಕೆ?

ಕರ್ಟನ್ ಚಿಕ್ಕದಾಯ್ತು, ಆದ್ರೆ ಬಟ್ಟೆ ದಪ್ಪ ಹಾಗೇ ಉಳೀತು, ಅದಕ್ಕೇ.

ಡಾಲ್‌ಹೌಸ್ ಸಾಮಾನೆಲ್ಲ ಸಾಮಾನ್ಯವಾಗಿ 1:12 ಅಳತೇಲಿ ಮಾಡ್ತಾರೆ, ಅಂದ್ರೆ ನಿಜವಾದ ಒಂದಡಿ ಇಲ್ಲಿ ಒಂದಿಂಚು (ಇಂಗ್ಲೆಂಡಿನ ವಿಂಡ್ಸರ್ ಅರಮನೇಲಿರೋ, 1924ರಲ್ಲಿ ಮುಗಿದ ರಾಣಿ ಮೇರಿಯ ಗೊಂಬೆಮನೇನೂ ಇದೇ ಅಳತೆ). ಏಳಡಿ ಪರದೆ ಏಳಿಂಚಾಗುತ್ತೆ. ದೊಡ್ಡ ಪರದೆ ನೆರಿಗೆ ಬಿದ್ದು ಇಳಿಯೋದು ತನ್ನದೇ ಭಾರಕ್ಕೆ, ಏಳಿಂಚು ತುಂಡಿಗೆ ಆ ಭಾರ ಎಲ್ಲಿಂದ ಬರಬೇಕು, ಬಟ್ಟೆ ಬಿರುಸು ಮಾತ್ರ ಅಷ್ಟೇ ಇರುತ್ತೆ, ಹಾಗಾಗಿ ಬಿರುಸೇ ಗೆಲ್ಲುತ್ತೆ.

ಅದಕ್ಕೆ ನೆರಿಗೇನ ನಾವೇ ಕೂರಿಸಬೇಕು. ಒಗೆದೂ ಒಗೆದೂ ಮೆತ್ತಗಾದ ಹಳೇ ಕಾಟನ್ ಸೀರೆ ಬೆಸ್ಟು, ಅಂಗಡಿಯ ಹೊಸ ಬಟ್ಟೆ ಬೇಡ. ಥರ್ಮೋಕೋಲ್ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಬಟ್ಟೆ ಅದ್ದಿ ಹಿಂಡಿ, ಒಂದೊಂದೇ ನೆರಿಗೆ ಹಿಡಿದು ಮೇಲೂ ಕೆಳಗೂ ಗುಂಡುಪಿನ್ ಚುಚ್ಚಿ ರಾತ್ರಿಯೆಲ್ಲ ಒಣಗಕ್ಕೆ ಬಿಡಿ. ಬೆಳಗ್ಗೆ ಪಿನ್ ತೆಗೆದ್ರೆ ನೆರಿಗೆ ಹಾಗೇ ನಿಂತಿರುತ್ತೆ, ಅದನ್ನ ನೋಡೋದೇ ಒಂದು ಖುಷಿ! ಆದ್ರೆ ಅಂಚು ಮಡಚಿ ಹೊಲೀಲೇಬೇಡಿ, ಮಡಚಿದ ಕಡೆ ದಪ್ಪ ಜಾಸ್ತಿಯಾಗಿ ಮತ್ತೆ ಅರಳುತ್ತೆ, ಅಂಚಿಗೆ ಗೋಂದು ಸವರಿ ಒಣಗಿದ ಮೇಲೆ ಕತ್ತರಿಸಿದ್ರೆ ನೂಲು ಬಿಚ್ಚಲ್ಲ. ಪ್ರಿಂಟೂ ಸಣ್ಣದೇ ಇರಲಿ, ಒಂದಿಂಚಿನ ಹೂವು ಆ ಮನೇಲಿ ಒಂದಡಿ ಹೂವು.