ಹಳೇ ಸೈಕಲ್ ತುಳಿಯಲು ಭಾರ, ಮೊಣಕಾಲು ನೋವು: ಗೇರ್ ಸೈಕಲ್ ತೆಗೆದುಕೊಳ್ಳಲೇ?

ರಾಮಮಂದಿರ ವೃತ್ತದ ಕಡೆಯಿಂದ ಸೂಪರ್ ಮಾರ್ಕೆಟ್‌ಗೆ ದಿನಾ ಹಳೇ 22 ಇಂಚಿನ ಸೈಕಲ್ ತುಳಿಯುತ್ತೇನೆ, ಮೊಣಕಾಲಿನ ಮುಂಭಾಗ ನೋಯುತ್ತದೆ, ಗೇರ್ ಸೈಕಲ್ ಕೊಳ್ಳಲೇ ಎಂದು ಕೇಳಿದ್ದೀರಿ. ಈಗಲೇ ಬೇಡ. ಕಲಬುರಗಿ ಊರೊಳಗೆ ಗೇರ್ ಬೇಡುವಂಥ ಏರು ಇಲ್ಲ. ಭಾರವೆಲ್ಲ ಸಾಮಾನ್ಯವಾಗಿ ಹವಾ, ಸೀಟು, ಚೈನು ಈ ಮೂರರಲ್ಲೇ ಅಡಗಿರುತ್ತದೆ.

ಮೊದಲು ಹವಾ. ಬೈಕ್ ಪಂಕ್ಚರ್ ಅಂಗಡಿಯಲ್ಲಿ ಹೊಡೆಸಿದರೆ ಬೈಕಿನ ಲೆಕ್ಕದಲ್ಲೇ 30 ಪಿಎಸ್‌ಐ (ಹವಾ ಒತ್ತಡದ ಅಳತೆ) ಆಸುಪಾಸಿಗೆ ನಿಲ್ಲಿಸಿಬಿಡುತ್ತಾರೆ. ಸೈಕಲ್ ಟೈರು ಸಣ್ಣದು, ಅದಕ್ಕೆ ಒತ್ತಡ ಹೆಚ್ಚು ಬೇಕು. ಎಷ್ಟು ಎಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಬಹಳಷ್ಟು ಟೈರುಗಳಿಗೆ 40ರಿಂದ 60 ಪಿಎಸ್‌ಐ ನಡುವೆ. ಹಿಂದಿನ ಚಕ್ರಕ್ಕೆ ಕೊಂಚ ಜಾಸ್ತಿ, ಏಕೆಂದರೆ ಮೈಭಾರ ಹೆಚ್ಚು ಬೀಳುವುದು ಅಲ್ಲೇ. ವಾಲ್ ಟ್ಯೂಬ್ (ವಾಲ್ವಿನ ಕಡ್ಡಿಗೆ ಏರಿಸುವ ಸಣ್ಣ ರಬ್ಬರ್ ಕೊಳವೆ) ಹಾಕುವ ಹಳೇ ವಾಲ್ವಾದರೆ ಗೇಜನ್ನು ನಂಬಬೇಡಿ, ಒಳಗಿನ ರಬ್ಬರನ್ನು ತಳ್ಳಿ ತೆರೆಯುವ ಒತ್ತಡವೂ ಅದರಲ್ಲಿ ಸೇರಿ ತೋರಿಸುತ್ತದೆ. ಸೀಟಿನ ಮೇಲೆ ಕುಳಿತು ಹಿಂದಿನ ಟೈರ್ ನೋಡಿ. ನೆಲ ಮುಟ್ಟುವಲ್ಲಿ ಸ್ವಲ್ಪವೇ ಉಬ್ಬಿದರೆ ಸರಿ, ಪಕ್ಕಗಳು ಮಡಚಿಕೊಂಡರೆ ಹವಾ ಸಾಲದು.

ಎರಡು ದಿನಕ್ಕೊಮ್ಮೆ ಹವಾ ಇಳಿದರೆ ಕೂಡಲೇ ಪಂಕ್ಚರ್ ಅನ್ನಬೇಡಿ. ವಾಲ್ವಿನ ಬಾಯಿಗೆ ಒಂದು ಹನಿ ನೀರು ಬಿಡಿ. ಗುಳ್ಳೆ ಎದ್ದರೆ ವಾಲ್ ಟ್ಯೂಬ್ ಹೋಗಿದೆ. ನಮ್ಮ ಕಡೆಯ ಬಿಸಿಲಿಗೆ ಆ ರಬ್ಬರ್ ಬೇಗ ಒಣಗಿ ಸೀಳುತ್ತದೆ. ಮೇಲಿನ ನಟ್ ಬಿಚ್ಚಿ ಕಡ್ಡಿ ಹೊರಗೆಳೆದು, ಹಳೇ ರಬ್ಬರ್ ಕೆರೆದು ತೆಗೆದು, ಹೊಸದನ್ನು ನೀರಲ್ಲಿ ಒದ್ದೆ ಮಾಡಿ ಏರಿಸಿ. ಕಡ್ಡಿಯ ಪಕ್ಕದ ಸಣ್ಣ ತೂತು ಪೂರ್ತಿ ಮುಚ್ಚಿ, ರಬ್ಬರ್ ಮೇಲಿನ ದಪ್ಪ ಭಾಗದವರೆಗೂ ಬರಬೇಕು. ಕಮ್ಮಿಯಾದರೆ ಮತ್ತೆ ಸೋರುತ್ತದೆ. ಒಂದೆರಡು ತುಂಡು ಸದಾ ಜೇಬಲ್ಲಿರಲಿ.

ಬೇಸಿಗೆಯಲ್ಲಿ ಹವಾ ಕಡಿಮೆ ಹಾಕಿಸಬೇಕು, ಇಲ್ಲದಿದ್ದರೆ ಬಿಸಿಲಿಗೆ ಒಡೆಯುತ್ತದೆ ಅನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಿ: 25 ಡಿಗ್ರಿಯಲ್ಲಿ 50 ಪಿಎಸ್‌ಐ ಇದ್ದ ಹವಾ, ಟೈರು 60 ಡಿಗ್ರಿಗೆ ಕಾದರೂ 58ರ ಹತ್ತಿರ ಹೋಗುತ್ತದೆ, ಅಷ್ಟೆ. ಅಚ್ಚಿನ ಅಂಕಿಯ ಒಳಗೇ ತುಂಬಿಸಿದ್ದರೆ ಗಟ್ಟಿ ಟೈರ್ ಇದನ್ನು ತಾಳುತ್ತದೆ. ಒಡೆಯುವುದು ಪಕ್ಕ ಬಿರಿದು ದಾರ ಕಾಣುವ ಟೈರು. ಹವಾ ಕಡಿಮೆ ಇಟ್ಟರೆ ತಗ್ಗಿಗೆ ಬಿದ್ದಾಗ ರಿಮ್ಮು ಟ್ಯೂಬನ್ನು ಕಚ್ಚಿ ಅಕ್ಕಪಕ್ಕ ಎರಡು ತೂತು ಮಾಡುತ್ತದೆ, ಲಾಭವೇನೂ ಇಲ್ಲ.

ಮೊಣಕಾಲಿನ ಮುಂಭಾಗ ನೋಯುತ್ತದೆ ಅಂದಿರಿ. ಅದು ಬಹುತೇಕ ಸೀಟು ತಗ್ಗಿರುವುದರ ಗುರುತು. ಕುಳಿತೇ ಎರಡೂ ಕಾಲು ನೆಲಕ್ಕೆ ಊರಬೇಕೆಂದು ಇಲ್ಲಿ ಎಲ್ಲರೂ ಸೀಟು ಇಳಿಸಿಕೊಳ್ಳುತ್ತಾರೆ. ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು, ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು. ತುಳಿಯುವಾಗ ಪೆಡಲ್ ಮೇಲಿರಬೇಕಾದದ್ದು ಪಾದದ ಮುಂಭಾಗ, ಆಗ ಮೊಣಕಾಲು ಚೂರು ಮಡಚಿರುತ್ತದೆ. ಒಂದೇ ಸಲ ಏರಿಸಬೇಡಿ. ಅರ್ಧ ಇಂಚು ಏರಿಸಿ, ನಾಲ್ಕು ದಿನ ಓಡಿಸಿ, ಮತ್ತೆ ಅರ್ಧ ಇಂಚು. ಸೊಂಟ ಅತ್ತಿತ್ತ ಹೊಯ್ದಾಡಿದರೆ, ಮೊಣಕಾಲಿನ ಹಿಂದೆ ಹಿಡಿದರೆ ಜಾಸ್ತಿಯಾಯಿತು ಅಂತ ಅರ್ಥ. ಸೀಟಿನ ಕಂಬ ಎರಡೂವರೆ ಇಂಚಾದರೂ ಫ್ರೇಮಿನ ಒಳಗಿರಲಿ, ಕಂಬದಲ್ಲಿ ಗೆರೆ ಇದ್ದರೆ ಅದನ್ನು ದಾಟಬೇಡಿ. ಸಿಗ್ನಲ್‌ನಲ್ಲಿ ಸೀಟಿನಿಂದ ಮುಂದೆ ಜಾರಿ ಇಳಿದು ನಿಲ್ಲುವುದನ್ನು ರೂಢಿ ಮಾಡಿಕೊಳ್ಳಿ.

ಚೈನಿಗೆ ಎಣ್ಣೆ ಬಿಡುವ ಮೊದಲು ತೊಳೆಯಿರಿ. ಎರೆಮಣ್ಣಿನ ಧೂಳು ಹಳೇ ಎಣ್ಣೆಯಲ್ಲಿ ಕೂತು ಮರಳು ಕಾಗದದ ಹಾಗೆ ಚೈನನ್ನೂ ಹಲ್ಲನ್ನೂ ಸವೆಸುತ್ತದೆ. ಡೀಸೆಲ್‌ನಲ್ಲಿ ಹಳೇ ಬ್ರಷ್ ಅದ್ದಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಒಂದೊಂದು ಕೊಂಡಿಯ ಉರುಳೆಗೆ ಒಂದೊಂದು ಹನಿ ಹೊಸ ಇಂಜಿನ್ ಆಯಿಲ್ ಬಿಡಿ. ಪೆಡಲ್ ಹಿಂದಕ್ಕೆ ತಿರುಗಿಸಿ, ಹತ್ತು ನಿಮಿಷ ಬಿಟ್ಟು ಹೊರಗಿನದ್ದನ್ನೆಲ್ಲ ಒರೆಸಿ ತೆಗೆಯಿರಿ. ಎಣ್ಣೆ ಬೇಕಿರುವುದು ಒಳಗೆ, ಹೊರಗಿನದು ಧೂಳು ಹಿಡಿಯಲು ಮಾತ್ರ. ಮನೆಯ ಕುಸುಬಿ ಎಣ್ಣೆಯನ್ನಂತೂ ಹಾಕಲೇಬೇಡಿ, ಅದು ಗಾಳಿಗೆ ಒಣಗಿ ವಾರ್ನಿಶ್‌ನಂತೆ ಅಂಟು ಕಟ್ಟುತ್ತದೆ. ಗ್ಯಾರೇಜಿನಲ್ಲಿ ತೆಗೆದ ಕರಿ ಆಯಿಲ್ ಕೂಡ ಬೇಡ.

ಚೈನಿನ ಬಿಗಿ ನೋಡುವಾಗ ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿ, ಒಟ್ಟು ಅರ್ಧ ಇಂಚು ಆಡಬೇಕು. ಪೆಡಲ್ ಒಂದು ಪೂರ್ತಿ ಸುತ್ತು ತಿರುಗಿಸುತ್ತಾ ನೋಡಿ, ಹಲ್ಲಿನ ಚಕ್ರ ಪೂರಾ ದುಂಡಗಿರುವುದಿಲ್ಲ, ಎಲ್ಲೋ ಒಂದು ಕಡೆ ಬಿಗಿಯುತ್ತದೆ. ಆ ಬಿಗಿ ಜಾಗದಲ್ಲಿ ಅರ್ಧ ಇಂಚು ಇರಲಿ. 24 ಕೊಂಡಿ ಅಳೆದರೆ ಸರಿಯಾಗಿ 12 ಇಂಚು ಬರಬೇಕು. ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ ಹೆಚ್ಚು ಬಂದರೆ ಚೈನ್ ಬದಲಿಸಿ.

ಬ್ರೇಕ್ ರಬ್ಬರ್ ರಿಮ್ಮಿಗೆ ಉಜ್ಜುತ್ತಿದೆಯೇ ಎಂದೂ ನೋಡಿ. ಮುಂದಿನ ಚಕ್ರ ಎತ್ತಿ ಹಿಡಿದರೆ ವಾಲ್ವಿನ ತೂಕಕ್ಕೇ ಅದು ತಾನಾಗಿ ತಿರುಗಿ ಕೆಳಗೆ ಬರಬೇಕು. ಬರದಿದ್ದರೆ ಬ್ರೇಕ್ ಹಿಡಿದಿದೆ, ಇಲ್ಲವೇ ಚಕ್ರದ ನಡುವಿನ ಹಬ್‌ನ ಗ್ರೀಸ್ ಒಣಗಿದೆ. ಹಬ್ ಬಿಚ್ಚುವ ಕೆಲಸ ಅಂಗಡಿಗೆ ಬಿಡಿ, ಗುಂಡುಗಳನ್ನೂ ಹೊಸದು ಹಾಕಲು ಹೇಳಿ.

ಊರ ಹೊರಗಿನ ರಸ್ತೆಯಲ್ಲಿ ಓಡಾಡುವುದಿದ್ದರೆ ಬಳ್ಳಾರಿ ಜಾಲಿ ಮುಳ್ಳಿನದೇ ಕಾಟ. ಪಂಕ್ಚರ್ ಹಾಕಿಸುವಾಗ ಟೈರಿನ ಒಳಗೆಲ್ಲ ಬೆರಳಾಡಿಸಿ, ಮುರಿದ ತುದಿ ಒಳಗೇ ಉಳಿದಿದ್ದರೆ ಮರುದಿನವೇ ಮತ್ತೆ ಪಂಕ್ಚರ್. ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಒಳಪದರವಾಗಿ ಹಾಕಿಸಬಹುದು. ತೂತು ಟ್ಯೂಬಿನ ರಿಮ್ ಕಡೆ ಇದ್ದರೆ ಮುಳ್ಳಲ್ಲ, ಚಕ್ರದ ಕಡ್ಡಿಯ (ಸ್ಪೋಕ್) ತುದಿ. ರಿಮ್ಮಿನ ಪಟ್ಟಿ ಬದಲಿಸಿ.

ಇಷ್ಟಾದ ಮೇಲೂ ಎದುರುಗಾಳಿಗೆ ಭಾರ ಅನ್ನಿಸಿದರೆ ಹಿಂದಿನ ಹಲ್ಲಿನ ಚಕ್ರ, ಅಂದರೆ ಫ್ರೀವೀಲ್ ಬದಲಿಸಿ. 18 ಹಲ್ಲಿನದು ತೆಗೆದು 20ರದ್ದು ಹಾಕಿದರೆ ತುಳಿತ ಹತ್ತನೇ ಒಂದು ಭಾಗ ಹಗುರ, ವೇಗವೂ ಅಷ್ಟೇ ಕಮ್ಮಿ. ಹಿಂದಿನ ಚಕ್ರವನ್ನು ಸುಮಾರು ಕಾಲು ಇಂಚು ಮುಂದೆ ಸರಿಸಿದರೆ ಹಳೇ ಚೈನೇ ಸಾಲುತ್ತದೆ. ಸರಿಸಲು ಜಾಗವಿಲ್ಲದಿದ್ದರೆ ಒಂದು ಇಂಚು ಚೈನ್ ಸೇರಿಸಿ ಚಕ್ರವನ್ನು ಹಿಂದಕ್ಕೆಳೆದು ಬಿಗಿಸಬೇಕು.