ಹೊಳೆಗೆ ಸುಣ್ಣದ ಕಲ್ಲು ಸುರಿದರೆ ಮೀನು ಬದುಕುತ್ತಾ?

ಪ್ರಶ್ನೆ: ಅಮೆರಿಕದ ವರ್ಜೀನಿಯಾದಲ್ಲಿ ಮಗಳ ಮನೆಗೆ ಹೋಗಿದ್ದೆ. ಅಲ್ಲಿನ ಬೆಟ್ಟದ ಸೇಂಟ್ ಮೇರೀಸ್ ಎಂಬ ಹೊಳೆಗೆ ಹೆಲಿಕಾಪ್ಟರಿನಿಂದ ಸುಣ್ಣದ ಕಲ್ಲು ಸುರಿದು ಮೀನು ಉಳಿಸಿದ್ದಾರಂತೆ. ಸುಣ್ಣಕ್ಕೆ ಮೀನು ಸಾಯುವುದಿಲ್ಲವೇ? ನಮ್ಮ ಹಳ್ಳದಲ್ಲೂ ಮೀನು ಕಮ್ಮಿಯಾಗಿದೆ, ನಾವೂ ಹಾಕಬಹುದಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಸುಟ್ಟ ಸುಣ್ಣ ಸುರಿದರೆ ಮೀನು ಖಂಡಿತ ಸಾಯುತ್ತದೆ. ಅವರು ಸುರಿದದ್ದು ಅದಲ್ಲ, ಸುಡದ ಸುಣ್ಣದ ಕಲ್ಲನ್ನೇ ಮರಳಿನಷ್ಟು ಸಣ್ಣಗೆ ಮಾಡಿದ್ದು. ಅದು ನೀರಲ್ಲಿ ಕುದಿಯುವುದಿಲ್ಲ, ನಿಧಾನವಾಗಿ ಕರಗುತ್ತದೆ. ಹೊಳೆಯ ಮೇಲ್ಭಾಗದಲ್ಲಿ ಹಾಕಿದರೆ ನೆರೆಯ ನೀರೇ ಅದನ್ನು ಕೆಳಗೆ ಒಯ್ಯುತ್ತದೆ, ಆ ಕಲ್ಲು ದಾರಿಯುದ್ದಕ್ಕೂ ಹೊಳೆಯ ನೀರಿನಲ್ಲಿ ಸೇರಿದ ಹುಳಿ, ಅಂದರೆ ಆಮ್ಲ, ಕಳೆಯುತ್ತದೆ. ರಸ್ತೆಯೇ ಇಲ್ಲದ ಕಾಡು ಅದು, ಹಾಗಾಗಿ 1999ರಲ್ಲಿ ಹೆಲಿಕಾಪ್ಟರ್ ಬೇಕಾಯಿತು.

ನೀರಿಗೆ ಹುಳಿ ಬಂದದ್ದು ಎಲ್ಲಿಂದ? ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳ ಗಂಧಕದ ಹೊಗೆ ಮಳೆಯಲ್ಲಿ ಸೇರಿ ಇಳಿಯಿತು. ಆ ಬೆಟ್ಟದ ಕಲ್ಲಿಗೆ ಹುಳಿ ತಡೆಯುವ ಶಕ್ತಿ ತೀರಾ ಕಡಿಮೆ. ನೀರಿನ ಹುಳಿ ಅಳೆಯುವ ಅಂಕಿಗೆ ಪಿಎಚ್ ಅನ್ನುತ್ತಾರೆ, ಅದು ಇಳಿದಷ್ಟೂ ಹುಳಿ ಜಾಸ್ತಿ; 6ರಿಂದ 5ಕ್ಕೆ ಇಳಿದರೆ ಹತ್ತು ಪಟ್ಟು ಜಾಸ್ತಿ ಅಂತ ಲೆಕ್ಕ. ಆಗ ಮಣ್ಣಿನಲ್ಲಿರುವ ಅಲ್ಯೂಮಿನಿಯಂ ಕರಗಿ ನೀರಿಗೆ ಬಂದು ಮೀನಿನ ಕಿವಿರಿಗೆ ಅಂಟುತ್ತದೆ, ಮೈಯ ಉಪ್ಪು ಸೋರಿಹೋಗುತ್ತದೆ, ಉಸಿರಾಟವೇ ಕಷ್ಟವಾಗುತ್ತದೆ. ಮೊದಲು ಸಾಯುವುದು ಮೊಟ್ಟೆ, ಮರಿ. ಬ್ರೂಕ್ ಟ್ರೌಟ್ ಅಲ್ಲಿನ ಮೂಲ ಮೀನು, ಬೇರೆ ಎಷ್ಟೋ ಜಾತಿಗಳಿಗಿಂತ ಹುಳಿ ತಾಳುವಂಥದ್ದು. ಅದಕ್ಕೇ ಕಷ್ಟ ಬಂತು ಅಂದರೆ ಉಳಿದವುಗಳ ಗತಿ ಏನು ಅಂತ ಯೋಚಿಸಿ.

ಕಲ್ಲು ಕರಗಿ ಮುಗಿಯುತ್ತದಲ್ವಾ, ಅದಕ್ಕೆ 2005ರಲ್ಲಿ ಮತ್ತೆ ಸುರಿಯಬೇಕಾಯಿತು. 1990ರಲ್ಲಿ ವಾಯುಮಾಲಿನ್ಯ ತಡೆಯುವ ಕಾನೂನು ಬಿಗಿಯಾದ ಮೇಲೆ ಅಮೆರಿಕದಲ್ಲಿ ಗಂಧಕದ ಹೊಗೆ ತುಂಬಾ ಇಳಿದಿದೆ, ನಿಜವಾದ ಮದ್ದು ಅದೇ ಅಂತ ನನ್ನ ಗಟ್ಟಿ ಅಭಿಪ್ರಾಯ. ಆದರೆ ಮಣ್ಣಿನಲ್ಲಿ ಕೂತ ಗಂಧಕ ವರ್ಷಗಟ್ಟಲೆ ಹೊಳೆಗೆ ಬರುತ್ತಲೇ ಇರುತ್ತದೆ, ಅಲ್ಲಿಯವರೆಗೆ ಮೀನಿನ ಜೀವ ಹಿಡಿದಿಡಲು ಈ ಕಲ್ಲು ಬೇಕು.

ಇನ್ನು ನಿಮ್ಮ ಹಳ್ಳ. ದಯವಿಟ್ಟು ಸುಮ್ನೆ ಏನನ್ನೂ ಸುರಿಯಬೇಡಿ. ಮೀನು ಸಾಕುವ ಹೊಂಡಕ್ಕೆ ಸುಣ್ಣ ಹಾಕುವುದು ಬೇರೆ, ಹರಿಯುವ ಹಳ್ಳ ಬೇರೆ. ಮೊದಲು ಪಿಎಚ್ ನೋಡಿಸಿ, ಜೋರು ಮಳೆ ಬಂದಾಗ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ. 6ಕ್ಕಿಂತ ಮೇಲಿದ್ದರೆ ಹುಳಿಯನ್ನು ದೂರಿ ಪ್ರಯೋಜನವಿಲ್ಲ. ತೋಟಕ್ಕೆ ಹೊಡೆದ ಔಷಧಿ ಹಳ್ಳಕ್ಕೆ ಇಳಿಯುತ್ತಿದೆಯಾ, ಯಾರಾದರೂ ಸಿಡಿಮದ್ದು ಹಾಕಿ ಮೀನು ಹಿಡಿಯುತ್ತಿದ್ದಾರಾ, ಬೇಸಿಗೆಯಲ್ಲಿ ಪಂಪು ಇಟ್ಟು ಗುಂಡಿಯ ನೀರೆಲ್ಲಾ ಎತ್ತುತ್ತಿದ್ದಾರಾ ಅಂತ ವಿಚಾರಿಸಿ.