ದೆವ್ವ ಅಂದುಕೊಂಡು ಮನುಷ್ಯನನ್ನೇ ಕೊಂದ ಘಟನೆ ಇಂಗ್ಲೆಂಡಿನಲ್ಲಿ ನಿಜವಾಗಿ ನಡೆದಿತ್ತಾ?

ಹೌದು, ನಡೆದಿತ್ತು. ಲಂಡನ್ನಿನ ಪಶ್ಚಿಮಕ್ಕಿರುವ ಹ್ಯಾಮರ್‌ಸ್ಮಿತ್‌ನಲ್ಲಿ.

1803ರ ಕೊನೆಯಲ್ಲಿ ಅಲ್ಲಿ ಬಿಳಿ ದೆವ್ವದ ಸುದ್ದಿ ಹಬ್ಬಿತು. ಆತ್ಮಹತ್ಯೆ ಮಾಡಿಕೊಂಡವನನ್ನು ಚರ್ಚಿನ ಅಂಗಳದಲ್ಲಿ ಹೂತಿದ್ದಾರೆ, ಅವನೇ ತಿರುಗುತ್ತಿದ್ದಾನೆ ಅಂತ ಜನ ಮಾತಾಡಿಕೊಂಡರು. ಒಬ್ಬ ಗಾಡಿಯವನಂತೂ ಎಂಟು ಕುದುರೆ, ಹದಿನಾರು ಪ್ರಯಾಣಿಕರನ್ನು ದಾರಿಯಲ್ಲೇ ಬಿಟ್ಟು ಓಡಿಹೋದನಂತೆ! ಕೊನೆಗೆ ಕೆಲವರು ಕೋವಿ ಹಿಡಿದು ಕಾವಲಿಗೆ ನಿಂತರು.

ಥಾಮಸ್ ಮಿಲ್‌ವುಡ್ ಗಾರೆ ಕೆಲಸದವನು. ಆ ಕಾಲದಲ್ಲಿ ಅವರ ಕೆಲಸದ ಬಟ್ಟೆಯೇ ಬಿಳಿ: ಪ್ಯಾಂಟು, ಅಂಗಿ, ಏಪ್ರನ್ ಎಲ್ಲಾ. ಆಗಲೇ ಒಮ್ಮೆ ಗಾಡಿಯಲ್ಲಿ ಹೋಗುತ್ತಿದ್ದವರು ಅವನನ್ನು ನೋಡಿ ದೆವ್ವ ಅಂದಿದ್ದರು. 'ಮೇಲೊಂದು ಕೋಟು ಹಾಕ್ಕೊಳ್ಳಪ್ಪ' ಅಂತ ಅತ್ತೆ ಹೇಳಿದ್ದರು. ಅವನು ಕೇಳಲಿಲ್ಲ. 1804ರ ಜನವರಿ 3ರ ರಾತ್ರಿ ಅಪ್ಪ ಅಮ್ಮನ ಮನೆಯಿಂದ ಹೊರಬಿದ್ದವನಿಗೆ, ದೆವ್ವ ಹಿಡಿಯೋಕೆ ಕೋವಿ ಹಿಡಿದು ಹೊರಟಿದ್ದ ಫ್ರಾನ್ಸಿಸ್ ಸ್ಮಿತ್ ಎದುರಾದ. ಯಾರು ನೀನು ಅಂತ ಸ್ಮಿತ್ ಕೂಗಿದ. ಉತ್ತರ ಬರಲಿಲ್ಲ, ಗುಂಡು ಹಾರಿತು. ದವಡೆಗೆ ಏಟು ಬಿದ್ದು ಮಿಲ್‌ವುಡ್ ಅಲ್ಲೇ ಸತ್ತ.

ಸ್ಮಿತ್‌ಗೆ ಗಲ್ಲು ಶಿಕ್ಷೆಯಾಯಿತು, ಆಮೇಲೆ ಅದನ್ನು ಒಂದು ವರ್ಷದ ಕಠಿಣ ಸಜೆಗೆ ಇಳಿಸಿದರು. ತಪ್ಪು ತಿಳುವಳಿಕೆಯಿಂದ ಕೊಂದರೆ ಅದು ಕೊಲೆಯೇ ಅನ್ನೋ ಪ್ರಶ್ನೆ ಇಂಗ್ಲಿಷ್ ಕಾನೂನಿನಲ್ಲಿ ಸುಮಾರು 180 ವರ್ಷ ಎಳೆದಾಡಿತು.

ಅಸಲಿ 'ದೆವ್ವ' ಯಾರು ಗೊತ್ತಾ? ಒಬ್ಬ ವಯಸ್ಸಾದ ಚಮ್ಮಾರ. ಅವನ ಮಕ್ಕಳಿಗೆ ಅಂಗಡಿಯ ಹುಡುಗ ದೆವ್ವದ ಕಥೆ ಹೇಳಿ ಹೆದರಿಸುತ್ತಿದ್ದನಂತೆ. ಆ ಹುಡುಗನಿಗೆ ಬುದ್ಧಿ ಕಲಿಸೋಕೆ ಬಿಳಿ ದುಪ್ಪಟಿ ಹೊದ್ದು ನಿಂತೆ ಅಂತ ಅವನೇ ಒಪ್ಪಿಕೊಂಡ, ಕೊಲೆಯಾದ ಮೇಲೆ.